ಟಕೋಮದ ಒಡಕು ಸದ್ದು

1960ರ ಸುಮಾರಿಗೆ ಟಕೋಮ ಎಂದರೆ ಅಮೆರಿಕದ ವಾಯವ್ಯ ಮೂಲೆಯ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ನಾತ. ಕಾಗದದ ತಿರುಳು ಬೇಯಿಸುವ ಕಾರ್ಖಾನೆಯ ಗಂಧಕದ ವಾಸನೆ, ತಾಮ್ರ ಕರಗಿಸುವ ಕುಲುಮೆಯ ಹೊಗೆ, ಬಂದರಿನ ಕೆಸರು, ಎಲ್ಲ ಕಲೆತು ಊರಿನ ಮೇಲೆ ಸದಾ ಕವಿದುಕೊಂಡಿರುತ್ತಿತ್ತು. ವಾಷಿಂಗ್ಟನ್ ರಾಜ್ಯದ ಈ ಊರು ಸಿಯಾಟಲ್‌ನಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರ್ ದೂರ. ಒಂದು ಪಕ್ಕದಲ್ಲಿ ಫೋರ್ಟ್ ಲೂಯಿಸ್ ಎಂಬ ಸೇನಾ ದಂಡು, ಅದಕ್ಕೆ ಅಂಟಿಕೊಂಡಂತೆ ಮೆಕಾರ್ಡ್ ವಾಯುನೆಲೆ. ಅಲ್ಲಿಂದ ಎದ್ದ ಜೆಟ್ ವಿಮಾನಗಳು ಶಬ್ದದ ವೇಗವನ್ನು ದಾಟಿದಾಗ ಊರಿನ ಕಿಟಕಿ ಗಾಜುಗಳು ಅದುರುತ್ತಿದ್ದವು. ಆ ಸ್ಫೋಟಕ್ಕೆ ಇಂಗ್ಲಿಷಿನಲ್ಲಿ ಸಾನಿಕ್ ಬೂಮ್ ಎನ್ನುತ್ತಾರೆ. ಊರಿನ ಕೆಲವು ಹುಡುಗರು ತಮ್ಮ ಸಂಗೀತದ ತಂಡಕ್ಕೆ ಅದರಿಂದಲೇ 'ದಿ ಸಾನಿಕ್ಸ್' ಎಂದು ಹೆಸರಿಟ್ಟುಕೊಂಡರು.

ಹೆಸರಿಟ್ಟಾಗ ಅವರ ಸದ್ದು ಹೆಸರಿಗೆ ತಕ್ಕಂತಿರಲಿಲ್ಲ. 1960ರಲ್ಲಿ ತಂಡ ಕಟ್ಟಿದ ಲ್ಯಾರಿ ಪರೈಪ ಇನ್ನೂ ಹದಿಹರೆಯದ ಗಿಟಾರ್ ವಾದಕ. ಅಪ್ಪ ಅಮ್ಮ ಇಬ್ಬರಿಗೂ ಸಂಗೀತದ ಹುಚ್ಚು. ಅಭ್ಯಾಸದ ದಿನ ಬೇಸ್ ಗಿಟಾರಿಗೆ ಜನ ಸಿಗದಿದ್ದರೆ ಅಮ್ಮನೇ ಕೂತು ಬಾರಿಸಿದ್ದುಂಟು. ಒಬ್ಬ ಸಹೋದರ ಕೆಲಕಾಲ ಸ್ಯಾಕ್ಸೋಫೋನ್ ಊದಿ ಬಿಟ್ಟ, ಅಣ್ಣ ಆಂಡಿ ಆಮೇಲೆ ಬೇಸ್ ಹಿಡಿದು ನಿಂತ. ಡ್ರಮ್ಮಿನವರು, ಹಾಡುವವರು ಬಂದರು, ಹೋದರು. ಹೆಚ್ಚಾಗಿ ಮಾತಿಲ್ಲದ ವಾದ್ಯಸಂಗೀತ, ಊರಿನ ಇತರ ತಂಡಗಳೂ ನುಡಿಸುತ್ತಿದ್ದಂಥದ್ದು. ಇದೇ ತಂಡ ನಾಲ್ಕೈದು ವರ್ಷಗಳಲ್ಲಿ, ಮುಂದೆ ಪಂಕ್ ಎಂದೂ ಗ್ರಂಜ್ ಎಂದೂ ಕರೆಸಿಕೊಂಡ ಸಂಗೀತದ ಕಚ್ಚಾ ಸದ್ದನ್ನು ಕಂಡುಕೊಂಡಿತು. ಅದು ಹೇಗಾಯಿತು ಎಂದು ಹುಡುಕಿದರೆ ಮಹಾಪ್ರತಿಭೆಯೊಂದು ಒಂಟಿಯಾಗಿ ಕೂತು ಧ್ಯಾನಿಸಿದ ಚಿತ್ರ ಎಲ್ಲೂ ಕಾಣುವುದಿಲ್ಲ. ಕಾಣುವುದು ಊರಿನ ಇಕ್ಕಟ್ಟುಗಳ ಸಾಲು.

ಮೊದಲನೆಯ ಇಕ್ಕಟ್ಟು ದೂರ. ರೆಕಾರ್ಡ್ ಕಂಪನಿಗಳಿದ್ದದ್ದು ನ್ಯೂಯಾರ್ಕಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಟಕೋಮದಲ್ಲಿ ಸಾನಿಕ್ಸ್‌ಗಿಂತ ಹಿರಿಯ ತಂಡವೊಂದಿತ್ತು, ದಿ ವೇಲರ್ಸ್. ಬಾಬ್ ಮಾರ್ಲಿಯ ಜಮೈಕಾದ ವೇಲರ್ಸ್ ಬೇರೆ, ಇವರು ಅವರಿಗಿಂತ ಮೊದಲಿನವರು. 1959ರಲ್ಲಿ ಇವರ 'ಟಾಲ್ ಕೂಲ್ ಒನ್' ಎಂಬ ವಾದ್ಯಗೀತೆಯನ್ನು ಪೂರ್ವ ಕರಾವಳಿಯ ಗೋಲ್ಡನ್ ಕ್ರೆಸ್ಟ್ ಎಂಬ ಕಂಪನಿ ಹೊರತಂದಿತು. ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ನಲವತ್ತರೊಳಗೆ ಬಂತು, ಹುಡುಗರು ಟಿವಿಯಲ್ಲೂ ಕಾಣಿಸಿಕೊಂಡರು. ಕಂಪನಿಯವರು ಇಲ್ಲೇ ಉಳಿಯಿರಿ ಎಂದರು. ಹುಡುಗರು ಊರಿಗೆ ವಾಪಸಾದರು. ಕಂಪನಿ ಅವರನ್ನು ಕೈಬಿಟ್ಟಿತು. ಹಾಗಾದರೆ ನಮ್ಮ ಕಂಪನಿ ನಾವೇ ಮಾಡಿಕೊಳ್ಳುತ್ತೇವೆ ಎಂದು ವೇಲರ್ಸ್ ತಂಡದ ಬೇಸ್ ವಾದಕ ಬಕ್ ಓರ್ಮ್ಸ್‌ಬಿ, ಹಾಡುಗಾರರಾದ ಕೆಂಟ್ ಮಾರಿಲ್ ಮತ್ತು ರಾಕಿನ್ ರಾಬಿನ್ ರಾಬರ್ಟ್ಸ್ ಸೇರಿ 1961ರಲ್ಲಿ ಎಟಿಕೆಟ್ ರೆಕಾರ್ಡ್ಸ್ ತೆರೆದರು. ವಾದ್ಯ ಬಾರಿಸುವವರೇ ರೆಕಾರ್ಡ್ ಕಂಪನಿಯ ಮಾಲೀಕರಾಗುವುದು ಆ ಕಾಲಕ್ಕೆ ಅಪರೂಪ. ಸಾನಿಕ್ಸ್ ಕತೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲವೆಂದೇ ನನಗನ್ನಿಸುತ್ತದೆ. ಮುಂದೆ ಅವರು ಒಡಕು ಸದ್ದು ಹೊತ್ತು ತಂದಾಗ, ಇದನ್ನು ಸರಿಪಡಿಸಿಕೊಂಡು ಬನ್ನಿ ಎನ್ನುವ ಅಧಿಕಾರಿ ಆ ಊರಿನಲ್ಲಿ ಇರಲಿಲ್ಲ.

ಎಟಿಕೆಟ್‌ನ ಆರಂಭದ ರೆಕಾರ್ಡುಗಳಲ್ಲಿ ಒಂದು 'ಲೂಯಿ ಲೂಯಿ'. ಅದನ್ನು ಬರೆದವರು ಲಾಸ್ ಏಂಜಲೀಸ್‌ನ ಕಪ್ಪು ಗಾಯಕ ರಿಚರ್ಡ್ ಬೆರಿ. 1957ರಲ್ಲಿ ರೆಕಾರ್ಡೊಂದರ ಹಿಂಬದಿಯಲ್ಲಿ ಬಂದ ಹಾಡು ಅದು. ಮನೆಗೆ ಮರಳಲು ಹಂಬಲಿಸುವ ನಾವಿಕನೊಬ್ಬನ ಅಳಲು, ಕ್ಯೂಬಾ ಮೂಲದ ಚಾ-ಚಾ ತಾಳದಲ್ಲಿ. ಹಾಡು ಅಷ್ಟೇನೂ ಓಡಲಿಲ್ಲ. ಬೆರಿ ಮದುವೆಯ ಖರ್ಚಿಗೆಂದು ಅದರ ಹಕ್ಕನ್ನು 750 ಡಾಲರಿಗೆ ಮಾರಿಬಿಟ್ಟರು. ಓಡದ ರೆಕಾರ್ಡುಗಳು ಅಂಗಡಿಗಳಲ್ಲಿ ಅರ್ಧ ಬೆಲೆಯ ಡಬ್ಬ ಸೇರುತ್ತವೆ. ಅಂಥದ್ದೊಂದು ಡಬ್ಬದಲ್ಲಿ ರಾಕಿನ್ ರಾಬಿನ್ ಕೈಗೆ ಅದು ಸಿಕ್ಕಿತೆಂದು ಟಕೋಮದವರು ಹೇಳುತ್ತಾರೆ. ವಾಯವ್ಯದಲ್ಲಿ ಮೊದಲು ಅದನ್ನು ಹಾಡಿದವರು ನಾವೇ ಎನ್ನುವ ಬೇರೆ ತಂಡಗಳೂ ಇವೆ, ಆ ಜಗಳ ಇತ್ಯರ್ಥವಾಗುವಂಥದ್ದಲ್ಲ. ವೇಲರ್ಸ್ ಚಾ-ಚಾದ ಮೆತ್ತಗಿನ ಓಟವನ್ನು ತೆಗೆದು ಗಿಟಾರಿನ ಗಟ್ಟಿ ಹೊಡೆತ ಸೇರಿಸಿದರು. ಮೂರೇ ಸ್ವರಮೇಳ, ಸುತ್ತಿ ಸುತ್ತಿ ಅದೇ. ಗಿಟಾರ್ ಹಿಡಿಯಲು ಕಲಿತ ವಾರದಲ್ಲಿ ಯಾರಾದರೂ ನುಡಿಸಬಹುದು. ವಾಷಿಂಗ್ಟನ್, ಆರೆಗಾನ್ ರಾಜ್ಯಗಳ ಪ್ರತಿ ಹುಡುಗರ ತಂಡಕ್ಕೂ ಅದು ಬಾಲಪಾಠವಾಯಿತು.

ಆರೆಗಾನ್‌ನ ಪೋರ್ಟ್‌ಲಂಡ್‌ನಲ್ಲಿ ಕಿಂಗ್ಸ್‌ಮೆನ್ ಎಂಬ ತಂಡ ಅದನ್ನು ಕಲಿತದ್ದು ಕಡಲತೀರದ ಊರೊಂದರ ಜ್ಯೂಕ್‌ಬಾಕ್ಸಿನಿಂದ. ಹಾಡುಗಾರ ಜ್ಯಾಕ್ ಈಲಿ ಅದನ್ನು ನೆನಪಿನಿಂದ ಉಳಿದವರಿಗೆ ಹೇಳಿಕೊಡುವಾಗ ತಾಳವನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದ. ಆ ತಪ್ಪು ತಾಳವೇ ಇವತ್ತು ಲೋಕಕ್ಕೆ ಗೊತ್ತಿರುವ ತಾಳ. 1963ರ ಏಪ್ರಿಲ್‌ನಲ್ಲಿ ಸ್ಟುಡಿಯೋಗೆ ಹೋದಾಗ ಮೈಕನ್ನು ಚಾವಣಿಯ ಹತ್ತಿರ ತೂಗುಹಾಕಿದ್ದರು. ಈಲಿ ಕತ್ತು ಹಿಂದಕ್ಕೆ ಬಾಗಿಸಿ ಮೇಲಕ್ಕೆ ಕೂಗಿ ಹಾಡಿದ. ಗಿಟಾರಿನ ಸರದಿ ಮುಗಿಯುವ ಮೊದಲೇ ಒಮ್ಮೆ ಬಾಯಿ ತೆರೆದು ಸುಮ್ಮನಾದ, ಡ್ರಮ್ಮಿನವನು ಉರುಳಿಕೆ ಕೊಟ್ಟು ಅದನ್ನು ಮುಚ್ಚಿದ. ಎಲ್ಲ ಹಾಗೆಯೇ ಅಚ್ಚಾಯಿತು. ವರ್ಷದ ಕೊನೆಗೆ ಆ ರೆಕಾರ್ಡು ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಪದಗಳು ಯಾರಿಗೂ ತಿಳಿಯದ್ದರಿಂದ ಅವು ಅಶ್ಲೀಲವೇ ಇರಬೇಕೆಂದು ತಂದೆತಾಯಿಗಳು ಸರ್ಕಾರಕ್ಕೆ ದೂರು ಬರೆದರು. ಎಫ್‌ಬಿಐ ಎರಡು ವರ್ಷಕ್ಕೂ ಮಿಕ್ಕಿ ತನಿಖೆ ನಡೆಸಿತು, ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿತು, ಯಾವ ವೇಗದಲ್ಲೂ ಅರ್ಥವಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಹಾಡಿದ ಈಲಿಯನ್ನು ಕರೆದು ಕೇಳುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

ಟಕೋಮದ ಹುಡುಗರಿಗೆ ಇದರಿಂದ ಒಂದು ವಿಷಯ ಖಚಿತವಾಯಿತು. ಸ್ಪಷ್ಟವಾಗಿ ಕೇಳಿಸದ, ತಪ್ಪುಗಳಿರುವ, ಕಡಿಮೆ ಖರ್ಚಿನ ರೆಕಾರ್ಡೂ ದೇಶವನ್ನು ಕುಣಿಸಬಲ್ಲದು.

ಎರಡನೆಯ ಇಕ್ಕಟ್ಟು ಹಾಲ್‌ಗಳದ್ದು. ವಾಷಿಂಗ್ಟನ್ ರಾಜ್ಯದಲ್ಲಿ 21 ವರ್ಷ ತುಂಬದವರು ಬಾರಿಗೆ ಹೋಗುವಂತಿರಲಿಲ್ಲ. ಹಾಗಾಗಿ ಹೈಸ್ಕೂಲು ಹುಡುಗ ಹುಡುಗಿಯರ ಶನಿವಾರದ ಕುಣಿತವೆಲ್ಲ ಮದ್ಯವಿಲ್ಲದ ಸಭಾಂಗಣಗಳಲ್ಲಿ. ಸಾನಿಕ್ಸ್ ನುಡಿಸಿದ ಜಾಗಗಳ ಪಟ್ಟಿ ನೋಡಿದರೆ ಸಾಕು: ಒಲಿಂಪಿಯಾದ ಸ್ಕೇಟ್‌ಲಂಡ್ ಎಂಬ ಗಾಲಿ ಸ್ಕೇಟಿಂಗ್ ಅಂಗಣ, ಸೇಂಟ್ ಮೇರಿ ಚರ್ಚಿನ ಸಭಾಭವನ, ಎವರ್‌ಗ್ರೀನ್ ಬಾಲ್‌ರೂಮ್, ಸಿಯಾಟಲ್-ಟಕೋಮ ಹೆದ್ದಾರಿಯ ಸ್ಪ್ಯಾನಿಷ್ ಕ್ಯಾಸಲ್. ಕೊನೆಯದಕ್ಕೆ ಸಿಯಾಟಲ್‌ನ ಜಿಮಿ ಹೆಂಡ್ರಿಕ್ಸ್ ಎಂಬ ಹುಡುಗನೂ ಹೋಗುತ್ತಿದ್ದ, ಮುಂದೆ ಅದರ ಹೆಸರಿನಲ್ಲೇ ಹಾಡು ಬರೆದ. ಇಂಥ ಜಾಗಗಳಲ್ಲಿ ಈಗಿನ ಹಾಗೆ ಸೌಂಡ್ ಸಿಸ್ಟಮ್ ಎಲ್ಲಿಯದು? ಹಾಡುವವನ ಮೈಕಿಗೆ ಪುಟ್ಟ ಆಂಪ್ಲಿಫೈಯರು, ಡ್ರಮ್ಮಿಗೆ ಮೈಕೇ ಇಲ್ಲ. ನೂರಾರು ಜೋಡಿ ಕಾಲುಗಳ ಸದ್ದಿನ ಮೇಲೆ ಕೇಳಿಸಬೇಕೆಂದರೆ ಡ್ರಮ್ಮಿನವನು ತೋಳು ಬಿದ್ದುಹೋಗುವಂತೆ ಹೊಡೆಯಬೇಕು, ಗಿಟಾರಿನವನು ಗುಂಡಿಯನ್ನು ಕೊನೆಯವರೆಗೂ ತಿರುಗಿಸಬೇಕು, ಹಾಡುವವನು ಕಿರುಚಬೇಕು.

ಸಾನಿಕ್ಸ್‌ಗೆ ಕಿರುಚುವವನು ಸಿಕ್ಕಿದ್ದು ಡ್ರಮ್ಮಿನವನನ್ನು ಹುಡುಕುವಾಗ. ಊರಿನ ಇನ್ನೊಂದು ತಂಡದಿಂದ ಬಾಬ್ ಬೆನೆಟ್ ಎಂಬ ಡ್ರಮ್ಮರನ್ನು ಸೆಳೆದರು. ಅವನ ಜೊತೆ ಸ್ಯಾಕ್ಸೋಫೋನಿನ ರಾಬ್ ಲಿಂಡ್, ಕೀಬೋರ್ಡಿನ ಗೆರಿ ರೋಸ್ಲಿ ಕೂಡ ಬಂದರು. ರೋಸ್ಲಿ ಲಿಟಲ್ ರಿಚರ್ಡ್‌ನ ಭಕ್ತ. ಆ ಕಪ್ಪು ಗಾಯಕನ ಕೂಗನ್ನು ಅನುಕರಿಸಲು ಹೋಗಿ ಅದಕ್ಕಿಂತ ಒರಟಾದ, ಗಂಟಲು ಹರಿಯುವಂಥ ಚೀರಾಟಕ್ಕೆ ತಲುಪಿದ್ದ. ಇಲ್ಲೊಂದು ಮಾತು ಹೇಳಲೇಬೇಕು. ಈ ಬಿಳಿಯ ಹುಡುಗರ ಸಂಗೀತದ ಬೇರು ಸಿಯಾಟಲ್‌ನ ಜ್ಯಾಕ್ಸನ್ ರಸ್ತೆಯ ಕಪ್ಪು ಕ್ಲಬ್ಬುಗಳಲ್ಲಿತ್ತು. ರೇ ಚಾರ್ಲ್ಸ್ 1948ರಲ್ಲಿ ಬಂದು ತಳವೂರಿದ್ದು ಆ ಊರಿನಲ್ಲಿ. ಡೇವ್ ಲೂಯಿಸ್ ಎಂಬ ಕಪ್ಪು ಕೀಬೋರ್ಡ್ ವಾದಕನ ತಂಡವನ್ನು ನೋಡಿಯೇ ಅಲ್ಲಿನ ಬಿಳಿಯ ತಂಡಗಳು ಕಲಿತದ್ದು. 1958ರವರೆಗೆ ಸಿಯಾಟಲ್‌ನಲ್ಲಿ ಕಪ್ಪು ಮತ್ತು ಬಿಳಿ ಸಂಗೀತಗಾರರ ಸಂಘಗಳೇ ಬೇರೆ ಬೇರೆ ಇದ್ದವು. ಸಂಘ ಬೇರೆಯಾದರೂ ಕಿವಿಗೆ ಬೇಲಿ ಹಾಕಲಾಗಲಿಲ್ಲ. ಗ್ಯಾರೇಜ್ ರಾಕ್‌ನ ಚರಿತ್ರೆಗಳಲ್ಲಿ ಈ ಭಾಗ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ, ಅದು ಸರಿಯಲ್ಲ.

ಇನ್ನು ಸ್ಪೀಕರಿನ ವಿಷಯ. ಐಸ್ ಒಡೆಯಲು ಅಡುಗೆಮನೆಯಲ್ಲಿ ಇಟ್ಟುಕೊಳ್ಳುವ ದಬ್ಬಳದಂಥ ಚೂಪು ಸಲಕರಣೆಯಿಂದ ತಾವು ಆಂಪ್ಲಿಫೈಯರಿನ ಸ್ಪೀಕರುಗಳಿಗೆ ತೂತು ಹೊಡೆದದ್ದನ್ನು ತಂಡದವರು ಆಮೇಲೆ ಹೇಳಿಕೊಂಡಿದ್ದಾರೆ. ಸಾಮಾನ್ಯ ಬುದ್ಧಿಯವರು ಸ್ಪೀಕರಿನ ಕಾಗದ ಹರಿದರೆ ರಿಪೇರಿಗೆ ಕೊಡುತ್ತಾರೆ, ಇವರು ಚೆನ್ನಾಗಿದ್ದದ್ದನ್ನು ಹರಿದರು.

ಯಾಕೆಂದು ತಿಳಿಯಲು ಸದ್ದಿನ ಒಳಗೆ ಸ್ವಲ್ಪ ಇಣುಕಬೇಕು. ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ವಿದ್ಯುತ್ ಅಲೆ ನಯವಾಗಿ ಏರಿ ಇಳಿಯುತ್ತದೆ. ಹಳೆಯ ವಾಲ್ವ್ ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ, ಆದರೆ ಅದರ ತಾಕತ್ತಿಗೊಂದು ಮಿತಿ. ಮಿತಿಗಿಂತ ಹೆಚ್ಚು ಒತ್ತಿದರೆ ಅಲೆಯ ನೆತ್ತಿ, ತಳ ಎರಡೂ ಚಪ್ಪಟೆಯಾಗುತ್ತವೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನದ ಮೇಲಿನ ಸ್ವರಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಜಾತ್ರೆಯಲ್ಲಿ ಮೈಕ್‌ಸೆಟ್ಟಿನವನು ವಾಲ್ಯೂಮ್ ಪೂರ್ತಿ ಏರಿಸಿದಾಗ ಹಾರ್ನಿನಿಂದ ಬರುವ ಕರಕರ ಸದ್ದು ಇದೇ. ಸ್ಪೀಕರಿನ ಕಾಗದದ ಶಂಕು ಹರಿದಿದ್ದರೆ ಹರಿದ ಅಂಚುಗಳು ಒಂದಕ್ಕೊಂದು ತಾಗಿ ಅದುರುವುದರಿಂದ ಇನ್ನಷ್ಟು ಕರಕರ ಸೇರುತ್ತದೆ. ಸದ್ದಿನ ಪ್ರಮಾಣ ಏರದಿದ್ದರೂ ಕಿವಿಗೆ ಅದು ದಪ್ಪವಾಗಿ, ಸಿಟ್ಟಿನದಾಗಿ ಕೇಳುತ್ತದೆ. ಒಂದು ಗಿಟಾರು ನಾಲ್ಕರಂತೆ ಹಾಲ್ ತುಂಬುತ್ತದೆ.

ಈ ಗುಟ್ಟು ಸಾನಿಕ್ಸ್‌ಗಿಂತ ಮುಂಚೆಯೂ ಹಲವರಿಗೆ ಹೊಳೆದಿತ್ತು, ಬಹುಮಟ್ಟಿಗೆ ಅಪಘಾತದಿಂದಲೇ. 1951ರಲ್ಲಿ ಐಕ್ ಟರ್ನರ್‌ನ ತಂಡ ಮೆಂಫಿಸ್‌ನಲ್ಲಿ 'ರಾಕೆಟ್ 88' ರೆಕಾರ್ಡು ಮಾಡಿದಾಗ ಗಿಟಾರಿನ ಆಂಪ್ಲಿಫೈಯರು ಕೆಟ್ಟಿತ್ತು, ಹರಿದ ಸ್ಪೀಕರಿಗೆ ಕಾಗದ ತುರುಕಿ ನುಡಿಸಿದರು. 1958ರ 'ರಂಬಲ್' ವಾದ್ಯಗೀತೆಗಾಗಿ ಲಿಂಕ್ ರೇ ಸ್ಪೀಕರನ್ನು ಪೆನ್ಸಿಲಿನಿಂದ ಚುಚ್ಚಿದ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ಹಾಡೊಂದರ ರೆಕಾರ್ಡಿಂಗಿನಲ್ಲಿ ಸ್ಟುಡಿಯೋದ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟು ಗಿಟಾರು ಗುರುಗುಟ್ಟಿತು. ಎಂಜಿನಿಯರ್ ಗ್ಲೆನ್ ಸ್ನೋಡಿ ಆ ಕೆಡುಕನ್ನೇ ಬೇಕೆಂದಾಗ ಬರಿಸುವ ಸರ್ಕೀಟು ಮಾಡಿದರು, ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಕಾಲಲ್ಲಿ ತುಳಿಯುವ ಪೆಟ್ಟಿಗೆಯಾಗಿ ಮಾರಿತು. ಇನ್ನು 1964ರಲ್ಲಿ, ಸಾನಿಕ್ಸ್ ತಮ್ಮ ಮೊದಲ ರೆಕಾರ್ಡಿಗೆ ಸಿದ್ಧವಾಗುತ್ತಿದ್ದ ಅದೇ ವರ್ಷ, ಲಂಡನ್‌ನಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸ್ಪೀಕರನ್ನು ಸೀಳಿದ್ದ. ಹಾಗಾಗಿ ಒಡಕು ಗಿಟಾರನ್ನು ಕಂಡುಹಿಡಿದವರು ಸಾನಿಕ್ಸ್ ಎಂದರೆ ತಪ್ಪಾಗುತ್ತದೆ. ಉಳಿದವರು ಗಿಟಾರನ್ನು ಒಡೆದರು. ಟಕೋಮದವರು ಗಿಟಾರು, ಡ್ರಮ್ಮು, ಸ್ಯಾಕ್ಸೋಫೋನು, ಗಂಟಲು, ಕೊನೆಗೆ ರೆಕಾರ್ಡಿಂಗ್ ಟೇಪು, ಎಲ್ಲವನ್ನೂ ಒಟ್ಟಿಗೆ ಒಡೆದರು. ಅವರ ಹೊಸತು ಇರುವುದು ಅಲ್ಲಿ.

ವೇಲರ್ಸ್‌ನ ಬಕ್ ಓರ್ಮ್ಸ್‌ಬಿ ಸಾನಿಕ್ಸ್ ನುಡಿಸುವುದನ್ನು ಕೇಳಲು ಬಂದದ್ದು 1964ರಲ್ಲಿ. ಕೇಳಿ, ನಿಮ್ಮದೇ ಹಾಡು ಬೇಕು ಎಂದರು. ರೋಸ್ಲಿ ಬರೆದದ್ದು 'ದಿ ವಿಚ್', ಅಂದರೆ ಮಾಟಗಾತಿ. ಹೊಸ ಕುಣಿತವೊಂದಕ್ಕೆ ಹಾಡಾಗಲಿ ಎಂದು ಶುರುಮಾಡಿದ್ದು, ಮುಗಿಯುವಷ್ಟರಲ್ಲಿ ಊರಿಗೆ ಬಂದ ಹೊಸ ಹುಡುಗಿಯ ತಂಟೆಗೆ ಹೋಗಬೇಡಿ ಎಂಬ ಎಚ್ಚರಿಕೆಯಾಯಿತು. ಕ್ಯಾಲಿಫೋರ್ನಿಯಾದ ಬೀಚ್ ಬಾಯ್ಸ್ ಅಲೆಗಳ ಮೇಲೆ ಜಾರುವ ಸುಖವನ್ನು ಹಾಡುತ್ತಿದ್ದ ಕಾಲದಲ್ಲಿ ಈ ತಂಡ ಮಾಟಗಾತಿ, ಹುಚ್ಚು, ಸೈತಾನನ ಬಗ್ಗೆ ಹಾಡು ಕಟ್ಟಿತು. ನೀರಿಗಿಂತ, ದ್ರಾಕ್ಷಾರಸಕ್ಕಿಂತ ಕಾಸರ್ಕದ ವಿಷವೇ ರುಚಿ ಎನ್ನುವವನ ಹಾಡೂ ಅದರಲ್ಲಿ ಸೇರಿತು. ಮಳೆ, ಮೋಡ, ಕಾರ್ಖಾನೆ ವಾಸನೆಯ ಊರಿನಿಂದ ಬಂದವರಿಗೆ ಬಿಸಿಲಿನ ಹಾಡು ಎಲ್ಲಿಂದ ಹುಟ್ಟಬೇಕು?

ರೆಕಾರ್ಡಿಂಗ್ ನಡೆದದ್ದು ಸಿಯಾಟಲ್‌ನ ಆಡಿಯೋ ರೆಕಾರ್ಡಿಂಗ್ ಎಂಬ ಸ್ಟುಡಿಯೋದಲ್ಲಿ, ಕರ್ನಿ ಬಾರ್ಟನ್ ಎಂಬ ಎಂಜಿನಿಯರ್ ಕೈಯಲ್ಲಿ. ಅಲ್ಲಿದ್ದದ್ದು ಎರಡು ಟ್ರ್ಯಾಕಿನ ಟೇಪ್ ಯಂತ್ರ. ಐವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕು, ಒಬ್ಬನ ಸದ್ದು ಇನ್ನೊಬ್ಬನ ಮೈಕಿಗೆ ಸೋರುವುದನ್ನು ತಡೆಯುವಂತಿಲ್ಲ, ಆಮೇಲೆ ಬಿಡಿಸಿ ಸರಿಮಾಡುವುದೂ ಸಾಧ್ಯವಿಲ್ಲ. ಡ್ರಮ್ಮಿನ ಮೇಲೆ ತೂಗುಬಿಟ್ಟದ್ದು ಒಂದೇ ಮೈಕು. ಬೆನೆಟ್ ಸಭಾಂಗಣದಲ್ಲಿ ಹೊಡೆಯುವ ಹಾಗೆಯೇ ಹೊಡೆದ. ಹುಡುಗರು ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೂ ತಗ್ಗಿಸಲು ಒಪ್ಪಲಿಲ್ಲ. ಅಚ್ಚುಕಟ್ಟಿಗೆ ಹೆಸರಾದ ಬಾರ್ಟನ್‌ಗೆ ಇದು ಒಗ್ಗುವ ಕೆಲಸವಾಗಿರಲಿಲ್ಲ. ಟೇಪಿನ ಮೇಲಿನ ಕಬ್ಬಿಣದ ಪುಡಿಗೂ ಅಯಸ್ಕಾಂತತೆ ಹೀರುವ ಮಿತಿಯೊಂದಿದೆ. ಅದನ್ನು ಮೀರಿದಾಗ ಅಲ್ಲೂ ಅಲೆಗಳ ನೆತ್ತಿ ಚಪ್ಪಟೆಯಾಗುತ್ತದೆ, ಆದರೆ ಈ ಸಲ ಇಡೀ ತಂಡದ್ದು. ರೋಸ್ಲಿಯ ಚೀರಾಟವೂ ಬೆನೆಟ್‌ನ ಡ್ರಮ್ಮೂ ಸೇರಿ ಒಂದೇ ಮುದ್ದೆಯಾಗಿ ಸ್ಪೀಕರಿನಿಂದ ಹೊರಗೆ ಬೀಳುತ್ತವೆ. ಇವತ್ತು ಕೇಳಿದರೂ ಮೊದಲ ಕ್ಷಣಕ್ಕೆ ನಮ್ಮ ಉಪಕರಣವೇ ಕೆಟ್ಟಿತೇನೋ ಎನ್ನಿಸುತ್ತದೆ.

1964ರ ನವೆಂಬರ್‌ನಲ್ಲಿ ರೆಕಾರ್ಡು ಬಂತು. ಹಿಂಬದಿಯಲ್ಲಿ ಲಿಟಲ್ ರಿಚರ್ಡ್‌ನ ಹಾಡೊಂದರ ಮರುರೂಪ. ಆಮೇಲಿನ ಮುದ್ರಣಗಳಲ್ಲಿ ಅದನ್ನು ತೆಗೆದು ತಮ್ಮದೇ 'ಸೈಕೋ' ಹಾಕಿದರು. ಕಾರಣ ಸರಳ: ಒಂದು ರೆಕಾರ್ಡು ಮಾರಿದರೆ ಎದುರುಬದಿಯ ಹಾಡಿಗೆ ಎಷ್ಟು ಗೌರವಧನವೋ ಹಿಂಬದಿಯ ಹಾಡಿಗೂ ಅಷ್ಟೇ. ಮುಂದಿನದನ್ನು ಕೇಳಲು ಜನ ಕೊಂಡರೂ ಹಿಂದಿನದನ್ನು ಬರೆದವನಿಗೆ ಅರ್ಧ ಹೋಗುತ್ತಿತ್ತು. ಸ್ವಂತ ಕಂಪನಿ ನಡೆಸುವವರಿಗೆ ಇಂಥ ಲೆಕ್ಕ ಬೇಗ ಹೊಳೆಯುತ್ತದೆ. ಸಿಯಾಟಲ್‌ನ ದೊಡ್ಡ ರೇಡಿಯೋ ಕೇಂದ್ರ ಕೆಜೆಆರ್ ಹಗಲು ಹೊತ್ತು ಈ ಹಾಡು ಹಾಕಿದರೆ ಮನೆಯಲ್ಲಿರುವ ಹೆಂಗಸರು ಬೇಸರಪಟ್ಟುಕೊಳ್ಳುತ್ತಾರೆಂದು ಸ್ಕೂಲು ಬಿಟ್ಟ ಮೇಲಷ್ಟೇ ಹಾಕುತ್ತಿತ್ತೆಂದು ತಂಡದವರು ನೆನೆಸಿಕೊಳ್ಳುತ್ತಾರೆ. ಹಾಗಿದ್ದರೂ ವಾಯವ್ಯದ ತಂಡವೊಂದು ಆ ಭಾಗದಲ್ಲಿ ಅತಿ ಹೆಚ್ಚು ಮಾರಿದ ರೆಕಾರ್ಡೆಂಬ ಹೆಸರು 'ದಿ ವಿಚ್'ಗೆ ಬಂತು. 1965ರಲ್ಲಿ ಮೊದಲ ಆಲ್ಬಮ್ 'ಹಿಯರ್ ಆರ್ ದಿ ಸಾನಿಕ್ಸ್' ಹೊರಬಿತ್ತು. ಬೀಚ್ ಬಾಯ್ಸ್, ಕಿಂಕ್ಸ್‌ನಂಥವರು ಆ ಕಡೆ ಬಂದಾಗ ಅವರಿಗಿಂತ ಮುಂಚೆ ವೇದಿಕೆ ಏರುವ ತಂಡವಾಯಿತು. ಆ ಮೂಲೆಯಾಚೆ ಮಾತ್ರ ಯಾರಿಗೂ ಗೊತ್ತಿಲ್ಲ. ಸಣ್ಣ ಕಂಪನಿಯ ರೆಕಾರ್ಡನ್ನು ದೇಶಾದ್ಯಂತ ಸಾಗಿಸಲು ಊರೂರಿನ ವಿತರಕರು ಬೇಕು, ಮಾರಿದ ಹಣವನ್ನು ಅವರು ತಿಂಗಳುಗಟ್ಟಲೆ ಕೊಡುವುದಿಲ್ಲ, ಅಷ್ಟರಲ್ಲಿ ಮುಂದಿನ ಮುದ್ರಣಕ್ಕೆ ಕೈಯಿಂದ ಹಾಕಬೇಕು.

ಎರಡನೆಯ ಆಲ್ಬಮ್ 'ಬೂಮ್' 1966ರದ್ದು. ಈ ಸಲ ಟಕೋಮದಲ್ಲೇ ಒಂದು ಸ್ಟುಡಿಯೋ, ಹೆಚ್ಚಾಗಿ ಕಂಟ್ರಿ ಸಂಗೀತದವರು ಬಂದು ಹೋಗುತ್ತಿದ್ದಂಥದ್ದು. ಸದ್ದು ಪ್ರತಿಧ್ವನಿಸದಂತೆ ಗೋಡೆಗಳಿಗೆಲ್ಲ ಹೊದಿಕೆ ಹಾಕಿದ್ದರು. ಹುಡುಗರು ನುಡಿಸಿ ನೋಡಿದರು, ಸದ್ದು ಸತ್ತಂತೆ ಕೇಳಿತು. ಗೋಡೆಯ ಹೊದಿಕೆಯನ್ನು ಕಿತ್ತುಹಾಕಿದರು. ಬರಿಗೋಡೆಗೆ ಬಡಿದು ಮರಳುವ ಸದ್ದೇ ಅವರಿಗೆ ಬೇಕಿತ್ತು, ಸ್ಕೇಟಿಂಗ್ ಅಂಗಣದಲ್ಲಿ ಅವರ ಕಿವಿ ಪಳಗಿದ್ದು ಅದಕ್ಕೇ. ಈ ಘಟನೆ ನನಗೆ ಸ್ಪೀಕರಿಗೆ ತೂತು ಹೊಡೆದದ್ದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸ್ಪೀಕರ್ ಚುಚ್ಚಿದ್ದು ಹುಡುಗಾಟದ ಪ್ರಯೋಗವೆಂದೇ ಇಟ್ಟುಕೊಳ್ಳೋಣ. ಗೋಡೆ ಕಿತ್ತಾಗ ಮಾತ್ರ ತಮಗೆ ಏನು ಬೇಕೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಕೈಗೆ ಸಿಕ್ಕಿದ್ದನ್ನು ಗುರುತು ಹಿಡಿದು, ಬೇಕೆಂದಾಗ ಮತ್ತೆ ಬರಿಸಿದಾಗಲೇ ಅದನ್ನು ಆವಿಷ್ಕಾರ ಎನ್ನಬೇಕು.

ಅದು ಹೌದೋ ಅಲ್ಲವೋ ಎಂಬುದಕ್ಕೆ ಮರುವರ್ಷವೇ ಒಂದು ಪರೀಕ್ಷೆ ನಡೆದುಹೋಯಿತು, ಯಾರೂ ಉದ್ದೇಶಿಸದೆ. ದೇಶಮಟ್ಟದಲ್ಲಿ ಹೆಸರಾಗಬೇಕೆಂದು ತಂಡ ಎಟಿಕೆಟ್ ಬಿಟ್ಟು ಜರ್ಡನ್ ಎಂಬ ಇನ್ನೂ ದೊಡ್ಡ ಕಂಪನಿ ಸೇರಿತು. ಹಾಲಿವುಡ್‌ಗೆ ಹೋದರು. ಅಲ್ಲಿ ಸಿಕ್ಕ ಎಂಜಿನಿಯರ್ ಲ್ಯಾರಿ ಲೆವೀನ್ ಸಾಮಾನ್ಯರಲ್ಲ, ನಿರ್ಮಾಪಕ ಫಿಲ್ ಸ್ಪೆಕ್ಟರ್‌ನ ಪ್ರಸಿದ್ಧ ರೆಕಾರ್ಡುಗಳ ಹಿಂದಿದ್ದವರು. ಒಳ್ಳೆಯ ಸ್ಟುಡಿಯೋ, ಒಳ್ಳೆಯ ಯಂತ್ರ, ನುರಿತ ಕೈ. ಅದೇ ಐವರು. ಬಂದ ಆಲ್ಬಮ್‌ನಲ್ಲಿ ಸಾನಿಕ್ಸ್ ಮಾತ್ರ ಇರಲಿಲ್ಲ. ಪ್ರತಿ ವಾದ್ಯವೂ ಬೇರೆ ಬೇರೆಯಾಗಿ, ತೊಳೆದಿಟ್ಟಂತೆ ಕೇಳುತ್ತದೆ. ರೋಸ್ಲಿ ಹಾಡುತ್ತಾನೆ, ಚೀರುವುದಿಲ್ಲ. ತಮ್ಮ ಆ ಆಲ್ಬಮ್ಮನ್ನು ತಂಡದವರೇ ಕಸವೆಂದು ಬೈದರು. ತಪ್ಪು ಲೆವೀನ್‌ರದ್ದು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ತಮಗೆ ಗೊತ್ತಿದ್ದ ಒಳ್ಳೆಯ ಕೆಲಸ ಮಾಡಿದರು. ಸ್ಟುಡಿಯೋದ ಗೋಡೆ ಕಿತ್ತುಹಾಕಿ ಎಂದು ಕೇಳುವ ಧೈರ್ಯ ಟಕೋಮದಲ್ಲಿದ್ದಷ್ಟು ಹಾಲಿವುಡ್‌ನಲ್ಲಿ ಹುಡುಗರಿಗೆ ಇರಲಿಲ್ಲವೇನೋ.

ಆಮೇಲಿನದು ಬೇಗ ಮುಗಿಯುತ್ತದೆ. ಒಬ್ಬೊಬ್ಬರೇ ಬಿಟ್ಟುಹೋದರು. ರಾಬ್ ಲಿಂಡ್ ನೌಕಾಪಡೆಯ ಪೈಲಟ್ ಆಗಿ ವಿಯೆಟ್ನಾಂ ಯುದ್ಧಕ್ಕೆ ಹೋದರು, ಹಿಂದಿರುಗಿ ವಿಮಾನ ಕಂಪನಿ ಸೇರಿದರು. ಉಳಿದವರೂ ಸಂಗೀತ ಬಿಟ್ಟು ಹೊಟ್ಟೆಪಾಡಿನ ಕೆಲಸ ಹಿಡಿದರು. 1972ರಲ್ಲಿ ಒಂದು ರಾತ್ರಿಯ ಮಟ್ಟಿಗೆ ಸಿಯಾಟಲ್‌ನ ಪ್ಯಾರಮೌಂಟ್ ರಂಗಮಂದಿರದಲ್ಲಿ ಒಟ್ಟಾದರು, ಮತ್ತೆ ಚದುರಿದರು.

ಅದೇ 1972ರಲ್ಲಿ ನ್ಯೂಯಾರ್ಕಿನ ಲೆನಿ ಕೇ ಎಂಬ ಗಿಟಾರ್ ವಾದಕ, ವಿಮರ್ಶಕ 'ನಗೆಟ್ಸ್' ಎಂಬ ಎರಡು ತಟ್ಟೆಗಳ ಸಂಕಲನ ಹೊರತಂದರು. ಅರವತ್ತರ ದಶಕದ ಮರೆತುಹೋದ ಸಣ್ಣಪುಟ್ಟ ತಂಡಗಳ 27 ಹಾಡುಗಳು. ಮನೆ ಪಕ್ಕದ ಕಾರು ಶೆಡ್ಡುಗಳಲ್ಲಿ ಅಭ್ಯಾಸ ಮಾಡಿದ ಇಂಥ ತಂಡಗಳ ಸಂಗೀತಕ್ಕೆ ಗ್ಯಾರೇಜ್ ರಾಕ್ ಎಂಬ ಹೆಸರು ನೆಲೆಯಾದದ್ದು ಆ ಆಸುಪಾಸಿನಲ್ಲಿ, ಅಂದರೆ ಅದನ್ನು ನುಡಿಸಿದವರು ಬಿಟ್ಟುಬಿಟ್ಟ ಮೇಲೆ. ಸಾನಿಕ್ಸ್ ಹಾಡು ಆ ಸಂಕಲನದಲ್ಲಿ ಇರಲಿಲ್ಲ, ನ್ಯೂಯಾರ್ಕಿಗೆ ಅವರು ಅಷ್ಟು ದೂರದವರು. ಅವರನ್ನು ಕಂಡುಕೊಂಡವರು ಹಳೆಯ ರೆಕಾರ್ಡು ಹುಡುಕುವ ಹುಚ್ಚರು, ಅರ್ಧ ಬೆಲೆಯ ಡಬ್ಬಗಳಲ್ಲಿ ಕೈಯಾಡಿಸುವ ಜಾತಿಯವರು. 1980ರಲ್ಲಿ ಕ್ರಾಂಪ್ಸ್ ತಂಡ ತನ್ನ ಮೊದಲ ಆಲ್ಬಮ್‌ನಲ್ಲಿ ಆ ಕಾಸರ್ಕದ ಹಾಡನ್ನು ಹಾಡಿತು. ಇಂಗ್ಲೆಂಡಿನ ದಿ ಫಾಲ್ ಕೂಡ ಅದನ್ನೇ ಎತ್ತಿಕೊಂಡಿತು. 1994ರಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್ ತಾನು ಕೇಳಿದ ಅತ್ಯುತ್ತಮ ಡ್ರಮ್ ಸದ್ದು ಸಾನಿಕ್ಸ್‌ನದು ಎಂದರು. ಎರಡು ಟ್ರ್ಯಾಕು, ಡ್ರಮ್ಮಿಗೆ ಒಂದೇ ಮೈಕು ಎಂಬ ವಿವರವೂ ಅವರ ಬಾಯಲ್ಲಿತ್ತು. ಆ ಹೊತ್ತಿಗೆ ಸ್ಟುಡಿಯೋಗಳಲ್ಲಿ ಒಂದು ಡ್ರಮ್ ಸೆಟ್ಟಿಗೆ ಹತ್ತು ಹನ್ನೆರಡು ಮೈಕು ಇಡುವುದು ವಾಡಿಕೆಯಾಗಿತ್ತು. 2004ರಲ್ಲಿ ಲ್ಯಾಂಡ್ ರೋವರ್ ಕಾರಿನ ಜಾಹೀರಾತಿನಲ್ಲಿ ಸಾನಿಕ್ಸ್ ಹಾಡೊಂದು ಬಂತು. 'ಹ್ಯಾವ್ ಲವ್ ವಿಲ್ ಟ್ರಾವೆಲ್' ಎಂಬ ಆ ಹಾಡನ್ನು ಮೂಲದಲ್ಲಿ ಬರೆದವರೂ 'ಲೂಯಿ ಲೂಯಿ'ಯ ರಿಚರ್ಡ್ ಬೆರಿಯೇ. 750 ಡಾಲರಿಗೆ ಹೋಗಿದ್ದ ಹಕ್ಕಿನಲ್ಲಿ ಅವರಿಗೆ ಎಂಬತ್ತರ ದಶಕದಲ್ಲಿ ಪಾಲು ಮರಳಿ ಸಿಕ್ಕಿತ್ತು, ಅದೊಂದು ಸಮಾಧಾನ. 1997ರಲ್ಲಿ ತೀರಿಕೊಂಡರು, ಜಾಹೀರಾತು ನೋಡಲಿಲ್ಲ.

2007ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದ ಕೇವ್‌ಸ್ಟಾಂಪ್ ಉತ್ಸವಕ್ಕೆ ರೋಸ್ಲಿ, ಲ್ಯಾರಿ ಪರೈಪ, ಲಿಂಡ್ ಮೂವರೂ ಹೊಸ ಬೇಸ್ ಮತ್ತು ಡ್ರಮ್ ವಾದಕರ ಜೊತೆ ವೇದಿಕೆ ಏರಿದರು. ಅರುವತ್ತು ದಾಟಿದವರನ್ನು ನೋಡಲು ಬಂದವರಲ್ಲಿ ಅವರ ಮಕ್ಕಳ ವಯಸ್ಸಿನವರೇ ಹೆಚ್ಚು. ಮರುವರ್ಷ ಲಂಡನ್ ಆಯಿತು, ಅಕ್ಟೋಬರ್ 31ರಂದು ಸಿಯಾಟಲ್ ಆಯಿತು. 2015ರಲ್ಲಿ 'ದಿಸ್ ಈಸ್ ದಿ ಸಾನಿಕ್ಸ್' ಎಂಬ ಹೊಸ ಆಲ್ಬಮ್ ಬಂತು. ಅದರಲ್ಲಿ ಬೇಸ್ ಬಾರಿಸಿದ ಫ್ರೆಡಿ ಡೆನಿಸ್ ಹಿಂದೊಮ್ಮೆ ಕಿಂಗ್ಸ್‌ಮೆನ್ ತಂಡದಲ್ಲಿದ್ದವರು. ಡಿಟ್ರಾಯಿಟ್‌ನಿಂದ ಬಂದ ನಿರ್ಮಾಪಕ ಜಿಮ್ ಡೈಮಂಡ್, ಡಿಜಿಟಲ್ ಯಂತ್ರದಲ್ಲಿ ಟ್ರ್ಯಾಕುಗಳಿಗೆ ಲೆಕ್ಕವೇ ಇಲ್ಲದ ಕಾಲದಲ್ಲಿ, ಎಲ್ಲರನ್ನೂ ಒಟ್ಟಿಗೆ ನುಡಿಸಲು ಹಚ್ಚಿ ಮೋನೋದಲ್ಲಿ ರೆಕಾರ್ಡು ಮಾಡಿದರು. ರೋಸ್ಲಿಗೆ ಆಗ ಎಪ್ಪತ್ತು. ಈ ಸಲ ಯಾರೂ ಅವರನ್ನು ಮೆಲ್ಲಗೆ ಹಾಡಿ ಎನ್ನಲಿಲ್ಲ.